ನಾಲ್ಕು ಗಂಟೆಯ ಗುಂಡಿಗಳು

ಮುದುಕರ ಮನಸ್ಸಿಗೂ ಕಾಯಿಲೆ ಬರುತ್ತದೆ. ಅದು ವಯಸ್ಸಿನ ಇನ್ನೊಂದು ಹೆಸರಲ್ಲ, ಅದಕ್ಕೆ ಮಾತ್ರೆಯೊಂದೇ ಮದ್ದೂ ಅಲ್ಲ. ಇಷ್ಟು ನಿಮಗೆ ಗೊತ್ತಿರಬೇಕಿತ್ತು, ನನಗೂ ಗೊತ್ತಿರಬೇಕಿತ್ತು. ತಿಳಿದುಕೊಳ್ಳುವ ಗೋಜಿಗೆ ಇಬ್ಬರೂ ಹೋಗಲಿಲ್ಲ, ಯಾಕೆಂದರೆ ‘ಅರಳುಮರಳು’ ಎಂಬ ಪದ ನಮ್ಮ ನಾಲಿಗೆಯ ತುದಿಯಲ್ಲೇ ಇತ್ತು. ಮುದುಕ ಅತ್ತರೆ ಅರಳುಮರಳು, ಸ್ನಾನ ಬಿಟ್ಟರೆ ಅರಳುಮರಳು, ಕೂಗಿದರೆ ಅರಳುಮರಳು. ಅಷ್ಟು ಅಂದುಬಿಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು, ಹೋಗಿ ಟೀ ಕುಡಿಯಬಹುದು.

ನಮ್ಮ ಬೀದಿಯ ಕಾಜಾ ತಾತನ ವಿಷಯದಲ್ಲಿ ನಾನೂ ಹೀಗೇ ಅಂದು ಟೀ ಕುಡಿದವನು.

ಕಾಜಾ ಅಂದರೆ ಅಂಗಿಯಲ್ಲಿ ಗುಂಡಿ ತೂರಿಸುವ ಸೀಳು. ದಿನಾ ಬೆಳಿಗ್ಗೆ ಏಳೆಂಟು ಸಲ ಅದರ ಮೇಲೆ ಬೆರಳಾಡಿಸುತ್ತೀರಿ, ಒಂದು ದಿನವಾದರೂ ಅದನ್ನು ನೋಡಿರಲಾರಿರಿ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬ್ಲೇಡಿನ ಮೂಲೆಯಿಂದ ಬಟ್ಟೆ ಸೀಳಿ, ಮೇಣಕ್ಕೆ ಉಜ್ಜಿದ ದಾರದಲ್ಲಿ ಅಂಚಿನ ಸುತ್ತ ಗಂಟಿನ ಪಕ್ಕ ಗಂಟು ಒತ್ತೊತ್ತಾಗಿ ಕೂರಿಸುತ್ತಾ ಬರಬೇಕು. ಒಂದೇ ಒಂದು ಎಳೆ ಹೆಚ್ಚು ಸೀಳಿದರೂ ಅಂಗಿ ಕೆಟ್ಟಿತು. ತಾತ ನಲವತ್ತೊಂದು ವರ್ಷ, ಎರಡು ಬೀದಿ ಆಚೆಯ ಟೈಲರ್ ಅಂಗಡಿಗೆ, ಈ ಒಂದೇ ಕೆಲಸ ಮಾಡಿದ. ಅಳತೆ ತೆಗೆಯಲಿಲ್ಲ, ಬಟ್ಟೆ ಕತ್ತರಿಸಲಿಲ್ಲ, ಮಿಶನ್ ತುಳಿಯಲಿಲ್ಲ. ಬರೀ ಕಾಜಾ.

“ನೋಡಿ ಸ್ವಾಮಿ, ಊರೋರೆಲ್ಲ ಹರಿದಿದ್ದನ್ನ ಹೊಲೀತಾರೆ, ನಾನು ಹೊಲಿದಿದ್ದನ್ನ ಹರೀತೀನಿ. ಆದ್ರೂ ನನ್ನೇ ಕರೀತಾರೆ,” ಎಂದು ಅವನೇ ನಗುತ್ತಿದ್ದ.

ಆಮೇಲೆ ಅಂಗಡಿಗೆ ಕಾಜಾ ಮಿಶನ್ ಬಂತು. ಕೋಟುಗಳಿಗೆ ಮಾತ್ರ ಕೈಕೆಲಸ ಉಳಿಯಿತು. ಕೊನೆಗೆ ಕೋಟು ಹೊಲಿಸುವವರೂ ಕಡಿಮೆಯಾದರು, ತಾತನ ಕೈಯೂ ಸಣ್ಣಗೆ ನಡುಗತೊಡಗಿತು. ಎಪ್ಪತ್ತನೇ ವಯಸ್ಸಿಗೆ ಮನೆಯಲ್ಲಿ ಕೂತ. ಎಪ್ಪತ್ತಮೂರಕ್ಕೆ ಹೆಂಡತಿ ತೀರಿಕೊಂಡಳು.

ಮನೆ ಎಂದರೆ ಎರಡನೇ ಮಹಡಿಯ ಎರಡು ಕೋಣೆ, ಮೂವತ್ತೆರಡು ಮೆಟ್ಟಿಲು. ಅಲ್ಲಿ ತಾತನ ಜೊತೆ ಮಗಳು, ಅಳಿಯ. ಮಗಳು ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ, ಕಣ್ಣೆದುರು ಹಾದುಹೋಗುವ ಬಾಟಲಿಗಳಲ್ಲಿ ಓರೆಯಾದ ಮುಚ್ಚಳ ಹುಡುಕುವವಳು. ಅಳಿಯ ಲಿಫ್ಟ್ ಮೆಕ್ಯಾನಿಕ್. “ಊರನ್ನೆಲ್ಲ ಲಿಫ್ಟ್ ಹತ್ತಿಸ್ತಾನೆ, ಮಾವನ್ನ ಮಾತ್ರ ಮೆಟ್ಟಿಲಲ್ಲೇ ಹತ್ತಿಸ್ತಾನೆ” ಎಂಬುದು ಬೀದಿಯ ಹಳೇ ಜೋಕು. ಅವನೂ ನಗುತ್ತಿದ್ದ.

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ.

ಹೆಂಡತಿ ಹೋದ ಮೇಲೆ ತಾತ ಬೆಳಿಗ್ಗೆ ಏಳುವುದನ್ನು ನಿಧಾನ ಮಾಡಿದ. ಏಳು ಗಂಟೆ ಒಂಬತ್ತಾಯಿತು, ಒಂಬತ್ತು ಹನ್ನೊಂದಾಯಿತು. ಮೊದಲು ಗಡ್ಡ ಹೆರೆಯುವುದು ನಿಂತಿತು, ಆಮೇಲೆ ಕೆಳಗಿಳಿದು ಪೇಪರ್ ತರುವುದು. ಅದನ್ನು ನೋಡಿ ಮಗಳು ಅಪ್ಪನ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಂಡಳು. ಪೇಪರ್ ಅವಳೇ ತಂದಳು. ಹಾಲಿಗೆ ಹೋಗಬೇಡ ಅಂದಳು. ಲೋಟ ಕೂಡ ತೊಳೆಯಗೊಡಲಿಲ್ಲ. “ನೀನು ಸುಮ್ನೆ ಆರಾಮಾಗಿರಪ್ಪ, ದುಡಿದಿದ್ದು ಸಾಕು.” ಪ್ರೀತಿಯಿಂದಲೇ ಅಂದಳು. ಕೊನೆಗೆ ತಾತನ ಪಾಲಿಗೆ ಉಳಿದದ್ದು ಒಂದು ಕುರ್ಚಿ, ಒಂದು ಕಿಟಕಿ, ಒಂದು ರೇಡಿಯೋ. ಅವನು ಸದ್ದಿಲ್ಲದೆ ಕೂತಿದ್ದಾನೆ ಎಂದರೆ ಮನೆಯಲ್ಲಿ ಎಲ್ಲ ಸರಿಯಿದೆ ಎಂದು ಅರ್ಥ. ಸದ್ದಿಲ್ಲದವರ ಹತ್ತಿರ ಯಾರು ಹೋಗುತ್ತಾರೆ?

ಒಂದು ಸಂಜೆ ಮಗಳು ಕೆಲಸದಿಂದ ಬಂದಾಗ ಅವಳ ಗಂಡನ ಬಿಳಿ ಅಂಗಿ ತಾತನ ತೊಡೆಯ ಮೇಲಿತ್ತು. ಗುಂಡಿಗಳು ನೆಲದ ಮೇಲಿದ್ದವು, ಏಳಕ್ಕೆ ಏಳೂ.

“ಅಯ್ಯೋ, ಏನಪ್ಪಾ ಇದು? ನಾಳೆ ಅವರಿಗೆ ಇದೇ ಅಂಗಿ ಬೇಕು!”

ಮಗಳು ಕೈಚೀಲವನ್ನು ಅಲ್ಲೇ ಬಿಸಾಕಿ, ಸೂಜಿದಾರ ತಂದು, ಬೆಳಕಿಗೆಂದು ಕಿಟಕಿಯ ಬಳಿ, ಅಪ್ಪನ ಕುರ್ಚಿಗೆ ಒರಗಿಕೊಂಡು ನೆಲದ ಮೇಲೆ ಕೂತಳು. ಒಂದೊಂದೇ ಗುಂಡಿ ಹಾಕುತ್ತಾ ಬೈದಳು. ಮುಕ್ಕಾಲು ಗಂಟೆ ಹಿಡಿಯಿತು.

ಮರುದಿನ ನೀಲಿ ಅಂಗಿ, ಅದರ ಮರುದಿನ ಅವಳದೇ ಕುಪ್ಪಸ. ಕತ್ತರಿ ಬಚ್ಚಿಟ್ಟರು, ತಾತ ನೇಲ್ ಕಟರ್ ಹುಡುಕಿಕೊಂಡ. ಅದನ್ನೂ ಬಚ್ಚಿಟ್ಟರು, ಹಲ್ಲಿನಿಂದ ಕಚ್ಚಿ ಕಿತ್ತ. ಬೀರುವಿಗೆ ಬೀಗ ಹಾಕಿದ ದಿನ ಬೀದಿಗೆಲ್ಲ ಕೇಳುವಂತೆ ಕೂಗಿದ. ಕೂಗಾಟಕ್ಕೆ ನಾವೆಲ್ಲ ಮೆಟ್ಟಿಲು ಹತ್ತಿ ಹೋದೆವು, ಬಾಗಿಲಲ್ಲಿ ನಿಂತು ನೋಡಿದೆವು, ‘ಪಾಪ’ ಅಂದೆವು, ಇಳಿದು ಬಂದೆವು. ಅದಕ್ಕೆ ಹಿಂದಿನ ವರ್ಷವಿಡೀ ಒಬ್ಬರೂ ಹತ್ತಿರಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಒಂದು ಮಾತ್ರೆ ಕೊಟ್ಟರು. ತಾತ ಜೊಲ್ಲು ಸುರಿಸುತ್ತಾ ಕುರ್ಚಿಯಲ್ಲೇ ತೂಕಡಿಸಿದ. ಅಮಲು ಇಳಿದ ದಿನ ಮತ್ತೆ ಗುಂಡಿ.

ಅಳಿಯನಿಗೆ ಸಾಕಾಯಿತು. ಗುಂಡಿಯಿಲ್ಲದ ಸಮವಸ್ತ್ರಕ್ಕೆ ಪಿನ್ ಚುಚ್ಚಿಕೊಂಡು ಕೆಲಸಕ್ಕೆ ಹೋದ ದಿನ ಅವನ ಮೇಲಿನವನು, “ಏನಯ್ಯಾ, ಲಿಫ್ಟ್ ಬಾಗಿಲು ಮುಚ್ಚಿಸೋಕೆ ಬರ್ತೀಯ, ಮೊದ್ಲು ನಿನ್ನ ಎದೆ ಮುಚ್ಕೊಂಡು ಬಾ,” ಅಂದಿದ್ದ. ಊರಾಚೆ ಒಂದು ಆರೈಕೆ ಮನೆಯಿದೆ. ಗಡಿಯಾರ ನೋಡಿ ಊಟ, ಬೀಗ ಹಾಕಿದ ಗೇಟು. ಅಳಿಯ ಅಲ್ಲಿಗೆ ಹೋಗಿ ಮಾವನ ಹೆಸರಿನಲ್ಲಿ ಅರ್ಜಿ ತುಂಬಿ ಬಂದ. ಮೂರು ತಿಂಗಳಲ್ಲಿ ಒಂದು ಮಂಚ ಖಾಲಿಯಾಗುತ್ತದೆ ಎಂದರಂತೆ.

“ಸತ್ರೂ ಕಳಿಸಲ್ಲ,” ಅಂದಳು ಮಗಳು.

“ಸಾಯೋದು ನೀನಾ, ನಾನಾ, ಮಾವನಾ? ಅದನ್ನಾದ್ರೂ ಹೇಳು. ಮೂರು ತಿಂಗಳು ಟೈಮಿದೆ. ಏನಾದ್ರೂ ದಾರಿ ಸಿಕ್ರೆ ಅರ್ಜಿ ಹರಿದು ಹಾಕ್ತೀನಿ.”

ದಾರಿ ಸಿಕ್ಕಿತು. ಅದಿದ್ದದ್ದು ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ, ಮುರಿದ ತೂಕದ ಯಂತ್ರದ ಪಕ್ಕದ ಮೇಜಿನಲ್ಲಿ. ವಯಸ್ಸಾದವರ ಮನಸ್ಸಿನ ಆರೋಗ್ಯಕ್ಕೆಂದು ಗುತ್ತಿಗೆಯ ಮೇಲೆ ನೇಮಿಸಿದ್ದ ಒಬ್ಬ ಹೆಂಗಸು. ಐವತ್ತರ ಆಸುಪಾಸು, ರಬ್ಬರ್ ಚಪ್ಪಲಿ, ಹೆಗಲಲ್ಲಿ ಬಟ್ಟೆಯ ಚೀಲ. ಹೋದ ಮನೆಗೆಲ್ಲ ಒಂದು ನೋಟುಪುಸ್ತಕ ಕೊಟ್ಟು ಬರುತ್ತಿದ್ದಳಾದ್ದರಿಂದ ಜನ ಅವಳನ್ನು ಪುಸ್ತಕದಮ್ಮ ಎನ್ನುತ್ತಿದ್ದರು.

ಮೂವತ್ತೆರಡು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ ತಾತನಿಗೆ ಮೊದಲು ನಮಸ್ಕಾರ ಹೇಳಿದಳು. ಮಗಳಿಗಲ್ಲ, ಅಳಿಯನಿಗಲ್ಲ. “ಯಜಮಾನ್ರೇ, ಒಂದು ಲೋಟ ನೀರು ಕೊಡ್ತೀರಾ?” ಅಂದಳು. ಮಗಳು ಅಡುಗೆಮನೆಗೆ ಓಡಲು ಎದ್ದಳು. ಪುಸ್ತಕದಮ್ಮ ಅವಳ ಮೊಣಕೈ ಹಿಡಿದು ಕೂರಿಸಿದಳು. ಎರಡು ನಿಮಿಷ ಕಾದಳು. ತಾತ ಎದ್ದ. ನೀರು ಬಂತು, ಅರ್ಧ ಚೆಲ್ಲಿತ್ತು, ಆದರೆ ಬಂತು.

“ನಿಮ್ಮ ಕೈಯಲ್ಲಿ ನೀರು ಕುಡಿದು ಹೋದ ಜೀವ ಬಂತು ನೋಡಿ,” ಅಂದಳು. ಮಗಳಿಗೆ ಯಾಕೋ ಅಳು ಬಂತು.

ನೋಟುಪುಸ್ತಕದಲ್ಲಿ ನಾಲ್ಕು ಗೆರೆ ಎಳೆದು ಮೇಲೆ ಬರೆದಳು: ಎಷ್ಟು ಗಂಟೆ. ಅದಕ್ಕೆ ಮುಂಚೆ ಏನಿತ್ತು. ಏನು ಮಾಡಿದರು. ಆಮೇಲೆ ನೀವು ಏನು ಮಾಡಿದಿರಿ.

ಅಳಿಯ ಮೂಗು ಮುರಿದ. “ಅಮ್ಮ, ನಮ್ಮ ಮಾವನಿಗೆ ಹುಚ್ಚು. ನಾನು ಲೆಕ್ಕ ಬರೆದ್ರೆ ಹುಚ್ಚು ಬಿಡುತ್ತಾ?”

“ನೀವು ಏನು ಕೆಲಸ ಮಾಡ್ತೀರಿ?”

“ಲಿಫ್ಟ್ ರಿಪೇರಿ.”

“ಲಿಫ್ಟ್ ನಡುವೆ ನಿಂತ್ರೆ ಏನು ಮಾಡ್ತೀರಿ? ಹುಚ್ಚು ಲಿಫ್ಟ್ ಅಂತ ಬಾರಿಸ್ತೀರಾ?”

“ಬಾರಿಸೋರು ಇದ್ದಾರೆ. ನಾನಲ್ಲ. ಮೊದ್ಲು ಕೇಳ್ತೀನಿ. ಎಷ್ಟೊತ್ತಿಗೆ ನಿಲ್ತು, ಯಾವ ಮಹಡಿ, ಒಳಗೆ ಎಷ್ಟು ಜನ, ನಿಂತ ಮೇಲೆ ಯಾರು ಯಾವ ಬಟನ್ ಒತ್ತಿದ್ರು. ನಮ್ಮಲ್ಲಿ ಅದಕ್ಕೊಂದು ಪುಸ್ತಕಾನೇ ಇದೆ.”

ಹೇಳುತ್ತಾ ಹೇಳುತ್ತಾ ಅವನ ದನಿ ತಗ್ಗಿತು. ಮೇಜಿನ ಮೇಲಿದ್ದ ನೋಟುಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ.

“ಮಾವನಿಗಿಂತ ಲಿಫ್ಟಿಗೇ ಜಾಸ್ತಿ ಮರ್ಯಾದೆ ಕೊಟ್ಟೆ ಅನ್ಸುತ್ತೆ,” ಅಂದ.

“ಪರವಾಗಿಲ್ಲ, ಈಗ ಮಾವನಿಗೂ ಕೊಡಿ. ಮಾತ್ರೆ ನೀವಾಗೇ ನಿಲ್ಲಿಸಬೇಡಿ, ನಾನು ಕೇಂದ್ರದ ಡಾಕ್ಟರ್ ಹತ್ರ ಮಾತಾಡಿ ಹಂತಹಂತವಾಗಿ ಇಳಿಸ್ತೀನಿ.”

ಆ ವಾರ ಅಳಿಯನದು ರಾತ್ರಿ ಪಾಳಿ, ಮಧ್ಯಾಹ್ನ ಮನೆಯಲ್ಲೇ. ಒಳಕೋಣೆಯ ಬಾಗಿಲ ಸಂದಿಯಿಂದ ನೋಡಿ ಬರೆದ. ಆ ಪುಸ್ತಕ ಈಗ ನನ್ನ ಮುಂದಿದೆ, ಆಮೇಲೆ ಅವನೇ ಕೊಟ್ಟದ್ದು. ಲಿಫ್ಟಿನ ಭಾಷೆಯಲ್ಲೇ ಬರೆದಿದ್ದಾನೆ.

‘ಮಧ್ಯಾಹ್ನ ಮೂರು. ಸುಮ್ಮನೆ. ಮೂರೂವರೆ. ಸುಮ್ಮನೆ. ನಾಲ್ಕಕ್ಕೆ ಐದು ನಿಮಿಷ. ಎದ್ದು ಬೀದಿ ನೋಡಿದರು. ನಾಲ್ಕು. ಅಂಗಿ ತೆಗೆದರು. ನಾಲ್ಕು ಇಪ್ಪತ್ತು. ಆರು ಗುಂಡಿ. ನಾಲ್ಕೂವರೆ. ಇವಳು ಬಂದಳು. ಕೂತು ಹೊಲಿದಳು. ಬೈದಳು. ಮಾವ ತಲೆ ಅಲ್ಲಾಡಿಸುತ್ತಾ ಕೇಳಿಸಿಕೊಂಡರು. ಕೂಗಾಟ ಇಲ್ಲ. ಚೆನ್ನಾಗಿ ಊಟ ಮಾಡಿದರು.’

ಆರು ದಿನವೂ ಅದೇ. ಏಳನೆಯ ದಿನ ಭಾನುವಾರ, ಮಗಳು ಮನೆಯಲ್ಲೇ ಇದ್ದು ಕಿಟಕಿಯ ಬಳಿ ಕಾಳು ಆರಿಸುತ್ತಾ ಕೂತಿದ್ದಳು. ‘ಭಾನುವಾರ. ಗುಂಡಿ ಇಲ್ಲ.’

ಪುಸ್ತಕದಮ್ಮ ಓದಿ ಮುಗಿಸಿ ತಾತನ ಕಡೆ ತಿರುಗಿದಳು. “ಯಜಮಾನ್ರೇ, ಅಂಗಡಿ ಕೆಲಸ ಇದ್ದಾಗ ನಾಲ್ಕು ಗಂಟೆಗೆ ಏನಾಗ್ತಿತ್ತು?”

ತಾತ ಕಿಟಕಿಯ ಕಡೆ ನೋಡಿ, “ಗಂಟು ಬರ್ತಿತ್ತು,” ಅಂದ.

“ಯಾವ ಗಂಟು?”

“ಅಂಗಿ ಗಂಟು. ನಾನೇ ಹೊತ್ಕೊಂಡು ಬರ್ತಿದ್ದೆ. ಬೆಳಕಿರೋ ತನಕ ಇಲ್ಲೇ ಕೂತು ಮುಗಿಸ್ತಿದ್ವಿ.”

“ಕಾಜಾ ನೀವು ಮಾಡ್ತಿದ್ರಿ. ಗುಂಡಿ ಯಾರು ಹಾಕ್ತಿದ್ರು?”

ತಾತ ಕುರ್ಚಿಯ ಎಡಗಡೆ, ನೆಲದ ಕಡೆ ಕೈ ತೋರಿಸಿದ. ಅಲ್ಲಿ ಆಗ ಮಗಳು ಕೂತಿದ್ದಳು.

“ಅಮ್ಮ,” ಅಂದಳು ಮಗಳು. “ಅಮ್ಮ ಇಲ್ಲೇ ಕೂತು ಗುಂಡಿ ಹಾಕ್ತಿದ್ಲು. ಹೀಗೇ ಬೈಕೊಂಡು.”

ಇದು ಯಾವ ಮನೆಯಲ್ಲಾದರೂ ಆಗಬಹುದಾದ ತಪ್ಪು. ತಾನು ಕಿತ್ತ ಗುಂಡಿ ಹಾಕಲು ದಿನಾ ಸಂಜೆ ಒಬ್ಬರು ಆ ಜಾಗದಲ್ಲಿ, ಅದೇ ಬೈಗುಳದ ಜೊತೆ ಬಂದು ಕೂರುತ್ತಾರೆ ಎಂದು ಅವನ ಕೈ ಕಲಿತಿತ್ತು. ಸುಮ್ಮನಿದ್ದ ದಿನ ಮಗಳು ಬಂದವಳೇ ಒಲೆಯ ಮುಂದೆ, ಆಮೇಲೆ ಬಟ್ಟೆಯ ಮುಂದೆ, ಆಮೇಲೆ ಫೋನಿನ ಮುಂದೆ. ಗುಂಡಿ ಕಿತ್ತ ದಿನ ಮುಕ್ಕಾಲು ಗಂಟೆ ಅವನ ಪಕ್ಕ. ನಾವಾಗಿದ್ದರೂ ಗುಂಡಿಯನ್ನೇ ಕೀಳುತ್ತಿದ್ದೆವು.

ಪುಸ್ತಕದಮ್ಮ ಇದಕ್ಕೆ ದೊಡ್ಡ ಹೆಸರೇನೂ ಹೇಳಲಿಲ್ಲ. ದೊಡ್ಡ ಹೆಸರು ಹೇಳದವರ ಮೇಲೆ ನನಗೆ ಗೌರವ. “ಕಿತ್ತ ಮೇಲೆ ಹೋಗಿ ಕೂತ್ಕೊಳ್ಳೋ ಬದಲು, ಕೀಳದಿದ್ದಾಗ ಬಂದ ತಕ್ಷಣ ಹೋಗಿ ಕೂತ್ಕೊಳ್ಳಿ. ಕಿತ್ತಿದ್ರೆ ಬೈಬೇಡಿ, ಅಳಬೇಡಿ. ಅಂಗಿ ಎತ್ತಿ ಒಳಗಿಡಿ. ಹೊಲಿಯೋದು ಬೇರೆ ಕೋಣೇಲಿ,” ಅಂದಳು. “ಇನ್ನೊಂದು ಮಾತು. ಮೊದಲ ವಾರ ಈ ಕಾಟ ಹೆಚ್ಚಾಗುತ್ತೆ. ದಿನಾ ತೆರೆಯೋ ಬಾಗಿಲು ಒಂದಿನ ತೆರೀದಿದ್ರೆ ಮೊದ್ಲು ಜೋರಾಗೇ ತಟ್ತೀವಲ್ಲ, ಹಾಗೆ. ಆಗ ಸೋತು ಓಡಿಹೋಗಿ ಬೈಯೋಕೆ ಕೂತ್ರೆ, ಜೋರಾಗಿ ತಟ್ಟಿದ್ರೆ ತೆರೆಯುತ್ತೆ ಅಂತ ನಾವೇ ಕಲಿಸಿದ ಹಾಗೆ.”

ಪಕ್ಕ ಕೂತಾಗ ಇಬ್ಬರ ಕೈಗೂ ಏನಾದರೂ ಕೆಲಸ ಬೇಕಲ್ಲ. ತಾತನಿಗೆ ಒಂದು ಡಬ್ಬಿ ಗುಂಡಿ ಕೊಟ್ಟು ಬಣ್ಣ ಬೇರ್ಪಡಿಸಲು ಹೇಳೋಣ ಎಂದು ಅಳಿಯ ಸೂಚಿಸಿದ. ತಾತ ಆ ಡಬ್ಬಿಯನ್ನು ಗೋಡೆಗೆ ಎಸೆದ. “ನಾನೇನು ಅಂಗನವಾಡಿಗೆ ಬಂದಿದೀನಾ?” ಅದು ಒಂದು ವರ್ಷದಲ್ಲಿ, ಯಾರೂ ಕೇಳದೆ ಅವನು ತಾನಾಗಿ ಆಡಿದ ಮೊದಲ ಪೂರ್ತಿ ವಾಕ್ಯ. ಪುಸ್ತಕದಮ್ಮ ಬಿದ್ದು ಬಿದ್ದು ನಕ್ಕಳು. “ಸರಿಯಾಗೇ ಹೇಳಿದ್ರಿ. ಹಾಗಾದ್ರೆ ಕಾಜಾ ಕೆಲಸ ಇವಳಿಗೆ ಕಲಿಸಿ.”

“ಇವಳಿಗಾ?” ತಾತ ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದ. “ಕಣ್ಣು ಹೋಗುತ್ತೆ ಅಂತ ಇವಳ ಕೈಗೆ ಸೂಜಿನೇ ಕೊಟ್ಟಿಲ್ಲ ನಾನು.”

“ನನ್ನ ಕಣ್ಣು ಬಾಟಲಿ ಮುಚ್ಚಳ ನೋಡಿ ನೋಡಿ ಆಗಲೇ ಹೋಗಿದೆ ಬಿಡಪ್ಪ,” ಅಂದಳು ಮಗಳು.

ಹೇಳಿದಂತೆಯೇ ಮೊದಲು ಕಾಟ ಹೆಚ್ಚಾಯಿತು. ಮೂರನೆಯ ದಿನ ತಾತ ಎಂಟು ಅಂಗಿಯ ಗುಂಡಿ ಕಿತ್ತ, ಅದರಲ್ಲಿ ಅಳಿಯನ ಎರಡು ಸಮವಸ್ತ್ರ. ಮಗಳು ಹಲ್ಲು ಕಚ್ಚಿಕೊಂಡು, ಒಂದು ಮಾತಾಡದೆ ಅಂಗಿಗಳನ್ನು ಎತ್ತಿ ಒಳಗಿಟ್ಟಳು. ತಾತ ಕೂಗಿದ. ಅವಳ ತಾಯಿಯ ಹೆಸರು ಹಿಡಿದು ಕೂಗಿದ. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಅಂದು ಎದ್ದು ಹೋಗಿ ಅಪ್ಪನ ಪಕ್ಕ ಕೂರುವವಳಿದ್ದಳು. ಅಡ್ಡ ನಿಂತವನು ಅಳಿಯ, ಅರ್ಜಿ ತುಂಬಿ ಬಂದಿದ್ದ ಅದೇ ಅಳಿಯ.

“ಈಗ ಹೋಗ್ಬೇಡ. ಕೂಗು ನಿಲ್ಲಲಿ, ಒಂದು ನಿಮಿಷ ಸುಮ್ಮನಾಗಲಿ, ಆಗ ಹೋಗು. ನಾನು ಗಡಿಯಾರ ನೋಡ್ತೀನಿ.”

ಇಪ್ಪತ್ಮೂರು ನಿಮಿಷ. ಪುಸ್ತಕದಲ್ಲಿದೆ.

ಎರಡನೇ ವಾರ ನಾಲ್ಕು ದಿನ ಗುಂಡಿ ಹೋದವು, ಮೂರನೇ ವಾರ ಎರಡು ದಿನ, ಐದನೇ ವಾರ ಒಂದೂ ಇಲ್ಲ. ಮಗಳು ಬಂದವಳೇ ಚಪ್ಪಲಿ ಬಿಟ್ಟು, ಕೈತೊಳೆದು, ನೇರ ಕಿಟಕಿಯ ಬಳಿಗೆ. ಚಿಂದಿ ಬಟ್ಟೆಯ ಮೇಲೆ ಕಾಜಾ. ಕೆಳಗಿನ ಮನೆಗೂ ಕೇಳುತ್ತಿತ್ತು.

“ಇದು ಕಾಜಾನಾ? ಇಲಿ ಕಚ್ಚಿದ ಹಾಗಿದೆ.”

“ನೀನು ಕಲಿಸಿದ್ದು ಹಾಗೇ.”

“ನಾನು ಕಲಿಸಿದ್ದು ಮನುಷ್ಯರಿಗೆ. ಬಿಚ್ಚು, ಬಿಚ್ಚು. ದಾರಕ್ಕೆ ಮೇಣ ಉಜ್ಜಿದ್ಯಾ?”

ಪುಸ್ತಕದಮ್ಮ ವಾರಕ್ಕೊಮ್ಮೆ ಬಂದು ಒಂದೊಂದೇ ಕೆಲಸ ಅವನಿಗೆ ಹಿಂದಿರುಗಿಸಿದಳು. ಮೊದಲು ತನ್ನ ಲೋಟ ತಾನೇ ತೊಳೆಯುವುದು, ಆಮೇಲೆ ಗಡ್ಡ, ಆಮೇಲೆ ಹದಿನಾರು ಮೆಟ್ಟಿಲು, ಆಮೇಲೆ ಮೂವತ್ತೆರಡು. “ಮನಸ್ಸು ಬರ್ತಾ ಇಲ್ಲ ಕಣಮ್ಮ,” ಎನ್ನುತ್ತಿದ್ದ ತಾತ. “ಮನಸ್ಸಿಗೆ ಕಾಯ್ತಾ ಕೂತ್ರೆ ಅದು ಬರಲ್ಲ, ಯಜಮಾನ್ರೇ. ನೀವು ನಡೀರಿ, ಅದು ಎಲ್ಲಿಗೆ ಹೋದ್ರು ಅಂತ ಹುಡುಕ್ಕೊಂಡು ಬರುತ್ತೆ,” ಎನ್ನುತ್ತಿದ್ದಳು. ಅಷ್ಟು ಹೊತ್ತಿಗೆ ಆ ಅಮಲಿನ ಮಾತ್ರೆಯೂ ನಿಂತಿತ್ತು. ಆರನೇ ವಾರದಿಂದ ತಾತ ದಿನಾ ನಾಲ್ಕು ಗಂಟೆಗೆ ಗೋಡೆ ಹಿಡಿದು ಕೆಳಗಿಳಿದು, ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕೂತು ಮಗಳ ದಾರಿ ಕಾಯತೊಡಗಿದ. ಗಡ್ಡ ಹೆರೆದ ಮುಖ. ನಾನು ನೋಡಿದ್ದೇನೆ. “ಏನು ತಾತ, ಹೇಗಿದೀರಿ?” ಅಂದರೆ, “ನಿಮ್ಮ ಕಾಲರ್ ಗುಂಡಿ ಸಡಿಲ ಇದೆ ನೋಡಿ,” ಅಂದ. ಒಂದು ಕ್ಷಣ ನಾನು ಹಿಂದೆ ಸರಿದೆ. ಅವನು ನಕ್ಕ.

ಅಳಿಯ ಆರೈಕೆ ಮನೆಗೆ ಹೋಗಿ ಅರ್ಜಿ ವಾಪಸ್ ಬೇಕು ಎಂದ. ಹೆಸರು ದಾಖಲಾಗಿದೆ, ಮಂಚ ಖಾಲಿಯಾದಾಗ ಬೇಡ ಎಂದು ತಿಳಿಸಿದರೆ ಸಾಕು ಎಂದರು. ‘ಬೇಡ’ ಎಂದು ಅಂದೇ ಒಂದು ಚೀಟಿ ಬರೆದು, ಮಡಚಿ, ಜೇಬಿನಲ್ಲಿಟ್ಟುಕೊಂಡ.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ಚೆನ್ನಾಗಿ ನಡೆಯುವುದನ್ನು ಬರೆಯುವ ಅಭ್ಯಾಸ ನನಗಿಲ್ಲ.

ಏಳನೇ ವಾರ ಪುಸ್ತಕದಮ್ಮ ಬರಲಿಲ್ಲ. ಎಂಟನೇ ವಾರವೂ ಇಲ್ಲ. ಮಗಳು ಆರೋಗ್ಯ ಕೇಂದ್ರಕ್ಕೆ ಹೋದರೆ ಹಿಂದಿನ ಕೋಣೆಗೆ ಬೀಗ. ಎದುರಿನ ಮೇಜಿನವನು ಕತ್ತೆತ್ತದೆ ಹೇಳಿದ, “ಆ ಹುದ್ದೆ ಇಲ್ಲ. ಗುತ್ತಿಗೆ ಮುಗೀತು.”

“ಬೇರೆ ಯಾರು ಬರ್ತಾರೆ?”

“ಹುದ್ದೆನೇ ಇಲ್ಲ ಅಂದೆನಲ್ಲಮ್ಮ.”

ಯಾಕೆ ರದ್ದಾಯಿತು ಎಂದು ನಾನು ಆಮೇಲೆ ಹೋಗಿ ಕೇಳಿದೆ. ಒಬ್ಬ ಅಧಿಕಾರಿ ತಾಳ್ಮೆಯಿಂದ ವಿವರಿಸಿದರು. ವರದಿಯಲ್ಲಿ ತೋರಿಸಲು ಅವಳ ಕೆಲಸದಲ್ಲಿ ಏನೂ ಇರಲಿಲ್ಲವಂತೆ. ಎಷ್ಟು ಮಾತ್ರೆ ಕೊಟ್ಟಿರಿ, ಇಲ್ಲ. ಎಷ್ಟು ರಕ್ತಪರೀಕ್ಷೆ, ಇಲ್ಲ. “ಮನೆಮನೆಗೆ ಹೋಗಿ ಕೂತು ಮಾತಾಡೋದನ್ನ ಹೇಗೆ ಅಳೆಯೋದು, ನೀವೇ ಹೇಳಿ?” ಅಂದರು. ನನ್ನ ಚೀಲದಲ್ಲಿ ಆ ನೋಟುಪುಸ್ತಕ ಇತ್ತು. ಎಂಟು ಅಂಗಿ, ನಾಲ್ಕು ದಿನ, ಎರಡು ದಿನ, ಸೊನ್ನೆ. ಇಪ್ಪತ್ಮೂರು ನಿಮಿಷ. ಮೂವತ್ತೆರಡು ಮೆಟ್ಟಿಲು. ತೆಗೆದು ತೋರಿಸಿದೆ. ಅವರು ಗಡಿಯಾರ ನೋಡಿದರು.

ಅದೇ ತಿಂಗಳು ಕಾರ್ಖಾನೆಯವರು ಮಗಳ ಪಾಳಿ ಬದಲಿಸಿದರು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಅಳಿಯನದು ಹಗಲು ಪಾಳಿ. ನಾಲ್ಕು ಗಂಟೆಗೆ ಮನೆಯಲ್ಲಿ ಯಾರೂ ಇಲ್ಲ. ಮಗಳು ಪಾಳಿ ಬದಲಿಸಿಕೊಡಿ ಎಂದು ಬೇಡಿಕೊಂಡಳು. ಮುಂದಿನ ಮೂರು ತಿಂಗಳು ಆಗುವುದಿಲ್ಲ ಎಂದರು. ಆಗ ಅವಳು ಬೀದಿಯವರನ್ನು ಕೇಳಿದಳು. ಒಂದೊಂದು ಬಾಗಿಲಿಗೂ ಹೋಗಿ.

ನನ್ನ ಬಾಗಿಲಿಗೂ ಬಂದಳು. “ಅಣ್ಣ, ನಾಲ್ಕು ಗಂಟೆಗೆ ಅಪ್ಪ ಕೆಳಗೆ ಬಂದು ಕೂತ್ಕೋತಾರೆ. ಹತ್ತು ನಿಮಿಷ ಯಾರಾದ್ರೂ ಜೊತೇಲಿ ಕೂತ್ರೆ ಸಾಕು. ಏನೂ ಮಾಡ್ಬೇಕಾಗಿಲ್ಲ. ಅವರೇ ಬೈತಾರೆ, ನೀವು ಕೇಳಿಸ್ಕೊಂಡ್ರೆ ಆಯ್ತು.”

“ನೋಡೋಣಮ್ಮ,” ಅಂದೆ.

ನಿಜವಾಗಿ ನನಗೆ ಕೆಲಸವಿತ್ತು. ಮುರಿದ ಕಾಲುದಾರಿಯ ಬಗ್ಗೆ ಒಂದು ಅಂಕಣ ಮುಗಿಸಬೇಕಿತ್ತು. ಅದರಲ್ಲಿ ನಾಗರಿಕರ ಉದಾಸೀನವನ್ನು ಚೆನ್ನಾಗಿ ಝಾಡಿಸಿದ್ದೆ. ಮುಂದಿನ ಹನ್ನೊಂದು ದಿನ ನಾಲ್ಕು ಗಂಟೆಗೆ ತಾತ ಗೇಟಿನ ಬಳಿ ಕೂತದ್ದು ನನ್ನ ಕಿಟಕಿಗೆ ಕಾಣುತ್ತಿತ್ತು. ಐದಾಯಿತು, ಐದೂವರೆಯಾಯಿತು, ಮಗಳು ಬರಲಿಲ್ಲ. ರಾತ್ರಿ ಬರುತ್ತಾಳೆ ಎಂದು ಬೆಳಿಗ್ಗೆ ಬೆಳಿಗ್ಗೆ ಅವಳು ಹೇಳಿಯೇ ಇರುತ್ತಿದ್ದಳು. ಆದರೂ ಅವನು ಕಾಯುತ್ತಿದ್ದ. ಬೀದಿಯವರು ಹಾದುಹೋಗುತ್ತಾ ಕೈ ಬೀಸಿದರು. ನಾನೂ ಬೀಸಿದೆ. ಹನ್ನೆರಡನೆಯ ದಿನ ಅವನು ಕೆಳಗಿಳಿಯಲಿಲ್ಲ. ಮನೆಯಲ್ಲಿದ್ದ ಎಲ್ಲ ಅಂಗಿಗಳ ಗುಂಡಿ ಹೋದವು, ತನ್ನ ಮೈಮೇಲಿದ್ದ ಅಂಗಿಯದೂ.

ಕೇಳಲು ಪುಸ್ತಕದಮ್ಮ ಇರಲಿಲ್ಲ. ಅಳಿಯ ನೋಟುಪುಸ್ತಕ ಹಿಡಿದುಕೊಂಡು ಮಾವನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಅವರ ಸರದಿ ಬರಲು ನಾಲ್ಕು ತಾಸು, ಸರದಿ ಮುಗಿಯಲು ನಾಲ್ಕು ನಿಮಿಷ. “ಡಾಕ್ಟ್ರೇ, ಇದರಲ್ಲಿ ಎಲ್ಲ ಬರೆದಿದೀನಿ, ಒಂದ್ಸಲ ನೋಡಿ,” ಎಂದು ಪುಸ್ತಕ ಮುಂದೆ ಇಟ್ಟ. ಡಾಕ್ಟರು ಅದರ ಮೇಲೇ ಚೀಟಿಯಿಟ್ಟು ಹಳೆಯ ಮಾತ್ರೆ ಬರೆದರು, ಈ ಸಲ ಎರಡು ಹೊತ್ತು.

ಮಾತ್ರೆ ಶುರುವಾದ ಆರನೇ ದಿನ ಮಧ್ಯಾಹ್ನ ನಾಲ್ಕಕ್ಕೆ ತಾತ ಎದ್ದ. ಅಮಲಿನಲ್ಲೇ ಎದ್ದ. ಗಡ್ಡ ಹೆರೆದುಕೊಂಡಿದ್ದ, ಒಂದು ಕೆನ್ನೆ ಮಾತ್ರ. ಮಗಳ ದಾರಿ ಕಾಯಲು ಮೆಟ್ಟಿಲಿಳಿಯುತ್ತಾ ತಿರುವಿನಲ್ಲಿ ಬಿದ್ದ. ಆ ಸದ್ದಿಗೆ ನಾವೆಲ್ಲ ಓಡಿದೆವು. ಸದ್ದಾದರೆ ಓಡುವುದರಲ್ಲಿ ನಾವು ನಿಸ್ಸೀಮರು.

ಸೊಂಟದ ಮೂಳೆ ಮುರಿದಿತ್ತು. ಮೂವತ್ತೆರಡು ಮೆಟ್ಟಿಲ ಮೇಲಿನ ಮನೆಗೆ ಇನ್ನು ಅವನನ್ನು ಹತ್ತಿಸುವಂತಿರಲಿಲ್ಲ. ನೆಲಮಹಡಿಯ ಮನೆ ಹುಡುಕಿದರು, ಸಿಗಲಿಲ್ಲ. ಹಗಲಿಡೀ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಆಸ್ಪತ್ರೆಯವರು ಕರೆದುಕೊಂಡು ಹೋಗಿ ಎಂದ ವಾರವೇ ಆರೈಕೆ ಮನೆಯಿಂದ ಫೋನು ಬಂತು. ಮಂಚ ಖಾಲಿಯಾಗಿದೆ. ಅಳಿಯನ ಜೇಬಿನಲ್ಲಿ ‘ಬೇಡ’ ಎಂದು ಬರೆದ ಚೀಟಿ ಆಗಲೂ ಇತ್ತು. ಜೇಬಿನ ಮೇಲೆ ಕೈಯಿಟ್ಟ. ಆಮೇಲೆ, “ಸರಿ,” ಅಂದ.

ಹೋದ ಭಾನುವಾರ ಮಗಳ ಜೊತೆ ನಾನೂ ಅಲ್ಲಿಗೆ ಹೋದೆ. ಉದ್ದನೆಯ ಕೋಣೆ, ಹನ್ನೆರಡು ಮಂಚ, ಫಿನಾಯಿಲ್ ವಾಸನೆ. ತಾತನಿಗೆ ಹಿಂದೆ ದಾರ ಕಟ್ಟುವ ಒಂದು ನಿಲುವಂಗಿ ಹಾಕಿದ್ದರು. ಗುಂಡಿಯಿಲ್ಲದ್ದು. ಅವನ ಫೈಲು ಓದಿ ಹಾಗೆ ಏರ್ಪಾಡು ಮಾಡಿದ್ದರು. ಆ ಮಟ್ಟಿಗೆ ಅವರು ಓದಿದ್ದರು. ಆಯಾ ನಗುತ್ತಲೇ ಹೇಳಿದಳು, “ತುಂಬಾ ಒಳ್ಳೇ ತಾತ. ಒಂಚೂರೂ ಸದ್ದಿಲ್ಲ. ಯಾರಿಗೂ ತೊಂದರೆ ಇಲ್ಲ.” ಮಂಚದ ತುದಿಯ ಹಲಗೆಯ ಮೇಲೂ ಹಾಗೇ ಬರೆದಿತ್ತು: ಶಾಂತ.

ಮಗಳು ಚಿಂದಿ ಬಟ್ಟೆ ತಂದಿದ್ದಳು. ಸೂಜಿಯನ್ನು ಗೇಟಿನಲ್ಲೇ ತೆಗೆದಿರಿಸಿಕೊಂಡಿದ್ದರು. ಮಂಚದ ಎಡಗಡೆ ನೆಲದ ಮೇಲೆ ಕೂತು, ಹಿಂದೆ ಹೊಲಿದಿದ್ದ ಒಂದು ಕಾಜಾ ತೋರಿಸಿದಳು. “ಅಪ್ಪ, ಇದು ಹೇಗಿದೆ ನೋಡು.” ತಾತ ಹೆಬ್ಬೆರಳನ್ನು ಅದರ ಅಂಚಿನ ಮೇಲೆ ನಿಧಾನಕ್ಕೆ ಓಡಿಸಿದ. ಒಂದು ಕಡೆ ನಿಲ್ಲಿಸಿದ. ಅಲ್ಲಿ ಗಂಟು ಸಡಿಲವಿತ್ತು. ಏನೋ ಹೇಳಲು ಬಾಯಿ ತೆರೆದ. ನಾವು ಕಾದೆವು. ಗಂಟೆ ಬಾರಿಸಿತು, ಭೇಟಿಯ ಹೊತ್ತು ಮುಗಿಯಿತು ಎಂದರು.

ಬರುವಾಗ ಬಸ್ಸಿನಲ್ಲಿ ಅವಳು, “ಬೈಯೋಕೆ ಹೊರಟಿದ್ರು ಅಣ್ಣ, ಅಲ್ವಾ?” ಅಂದಳು.

ಹೌದು. ಬೈಯಲು ಹೊರಟಿದ್ದ. ಅಂದರೆ ತಾತ ಇನ್ನೂ ಅಲ್ಲಿದ್ದಾನೆ. ಅವನ ಪಕ್ಕದ ಹನ್ನೊಂದು ಮಂಚಗಳಲ್ಲೂ ಯಾರೋ ಇದ್ದಾರೆ. ನಿಮ್ಮ ಮನೆಯ ಕುರ್ಚಿಯಲ್ಲೂ, ನಿಮ್ಮ ಬೀದಿಯ ಗೇಟಿನ ಬಳಿಯೂ. ಈಗ ನಾನು ಭಾನುವಾರಕ್ಕೆ ಕಾಯದೆ ನಾಲ್ಕು ಗಂಟೆಯ ಬಸ್ಸು ಹಿಡಿಯುತ್ತೇನೆ. ತಡವಾಯಿತು ಎಂದು ನೀವು ಹೇಳುವ ಮೊದಲೇ ನಾನೇ ಹೇಳಿಕೊಂಡಿದ್ದೇನೆ.

ನಿಮಗೆ ತಡವಾಗಿಲ್ಲ. ನಿಮ್ಮ ಆರೋಗ್ಯ ಕೇಂದ್ರದ ಹಿಂದಿನ ಕೋಣೆಗೆ ಹೋಗಿ, ಬೀಗ ಇದ್ದರೆ ಯಾಕಿದೆ ಎಂದು ಕೇಳಿ, ಉತ್ತರ ಬರುವ ತನಕ ಮೇಜಿನ ಮುಂದಿನಿಂದ ಅಲುಗಾಡಬೇಡಿ. ಅದು ನಾಳೆಯ ಕೆಲಸ. ಇವತ್ತಿನದು ಇನ್ನೂ ಸಣ್ಣದು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಸದ್ದಿಲ್ಲದೆ ಕೂತಿರುವ ಒಬ್ಬರಿದ್ದಾರೆ, ಯಾರೆಂದು ನಿಮಗೆ ಗೊತ್ತು. ಅವರು ಕೂಗಿಲ್ಲ, ಏನನ್ನೂ ಕಿತ್ತಿಲ್ಲ, ಬಿದ್ದಿಲ್ಲ. ಈ ಪತ್ರಿಕೆ ಮಡಚಿಡಿ. ಎದ್ದು ಹೋಗಿ ಅವರ ಪಕ್ಕ ಹತ್ತು ನಿಮಿಷ ಕೂತುಕೊಳ್ಳಿ. ‘ನೋಡೋಣ’ ಅನ್ನಬೇಡಿ.